ಅತ್ತೆಯ ನೂರ ಎಂಬತ್ತಾರು ಹೆಜ್ಜೆ

"ಮನೇಲಿ ನಡೆದ್ರೆ ಗೋಡೆ ಹಿಡ್ಕೊಂಡ್ಬಿಡ್ತೀನಿ. ಗೋಡೆ ಇಲ್ಲದ ಕಡೆ ಕರ್ಕೊಂಡ್ಹೋಗಿ," ಎಂದು ಅತ್ತೆ ಹೇಳಿದ್ದು ತಪಸ್ಸುಕಾಲದ ಮೊದಲ ಭಾನುವಾರ, ಬೆಳಗಿನ ಕಾಫಿಯ ಹೊತ್ತಿಗೆ.

ತಪಸ್ಸುಕಾಲ ಎಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳು. ನಮ್ಮ ಮನೆಯಲ್ಲಿ ಈಸ್ಟರ್ ಎನ್ನುವವರು ನಾನು ಮತ್ತು ಮಗಳು. ಅತ್ತೆಗೆ ಅದು ಪಾಸ್ಕ ಹಬ್ಬ. ನಾನು ಹುಟ್ಟಿ ಬೆಳೆದದ್ದು ಜಯನಗರದ ಒಂದು ಹಿಂದೂ ಮನೆಯಲ್ಲಿ. ಮದುವೆಯಾಗಿ ಜೆ.ಪಿ. ನಗರದ ಈ ಕ್ರೈಸ್ತರ ಮನೆಗೆ ಬಂದು ಆಗ ಹದಿಮೂರು ವರ್ಷವಾಗಿತ್ತು. ಧರ್ಮ ಬದಲಾಯಿಸಿಕೋ ಎಂದು ಯಾರೂ ಹೇಳಲಿಲ್ಲ, ನಾನೂ ಬದಲಾಯಿಸಿಕೊಳ್ಳಲಿಲ್ಲ. ಭಾನುವಾರ ಎಲ್ಲರ ಜೊತೆ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ಪೂಜೆ ಮುಗಿದ ಮೇಲೆ ನಾವು ನಾಲ್ಕೂ ಜನ, ಅತ್ತೆ, ಇವರು, ನಾನು, ಮಗಳು, ಎಲ್ಲಾದರೂ ಹೊರಗೆ ಹೋಗುವುದು ವಾಡಿಕೆ. ಚಳಿ ಕಳೆದು ಬಿಸಿಲು ಇನ್ನೂ ಬಲಿಯದ ಆ ಎರಡು ತಿಂಗಳಂತೂ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಚಿತ್ರಾನ್ನ ಕಟ್ಟುವವರು ಅತ್ತೆ, ಜಾಗ ಗೊತ್ತುಮಾಡುವವರೂ ಅತ್ತೆಯೇ.

ಆ ವರ್ಷ ಕ್ರಿಸ್‌ಮಸ್ ಕಳೆದ ಮೂರನೆಯ ದಿನ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಬೆಳಿಗ್ಗೆ ಹಾಲು ತರಲು ಅಡುಗೆಮನೆಗೆ ಹೋದ ಇವರು, ನೆಲದ ಮೇಲೆ ಒಂದು ಪಕ್ಕಕ್ಕೆ ವಾಲಿ ಬಿದ್ದಿದ್ದ ತಾಯಿಯನ್ನು ನೋಡಿದರು. ಬಾಯಿ ಸೊಟ್ಟಗಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಮೂರು ವಾರ ಆಸ್ಪತ್ರೆ. ಮಾತು ಮರಳಿತು, ಬಾಯಿ ನೆಟ್ಟಗಾಯಿತು. ಬಲಗೈ, ಬಲಗಾಲು ಮಾತ್ರ ಹೇಳಿದ ಮಾತು ಕೇಳದೆ ಹೋದವು.

ಅತ್ತೆ ಮೂವತ್ತು ವರ್ಷ ನರ್ಸ್ ಆಗಿದ್ದವರು. ಆಪರೇಷನ್ ಆಗಿ ಅಳುತ್ತಾ ಮಲಗಿದವರನ್ನು ಗದರಿಸಿ ಎಬ್ಬಿಸಿ ವಾರ್ಡಿನ ತುಂಬಾ ನಡೆಸುತ್ತಿದ್ದವರು. ಈಗ ತಾವೇ ಮಂಚದಲ್ಲಿದ್ದರು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಂದು ಚರ್ಚಿನಿಂದ ಒಬ್ಬರು ಮನೆಗೆ ಬಂದು ಅವರ ಹಣೆಗೆ ಬೂದಿ ಇಟ್ಟರು. "ಇನ್ಮೇಲೆ ಪರಮಪ್ರಸಾದಾನೂ ನಾವೇ ತಂದುಕೊಡ್ತೀವಿ ಆಂಟಿ, ನೀವು ಬರೋ ತೊಂದ್ರೆ ತಗೋಬೇಡಿ," ಎಂದು ಬಹಳ ಪ್ರೀತಿಯಿಂದ ಹೇಳಿ ಹೋದರು. ಪರಮಪ್ರಸಾದ ಎಂದರೆ ಪೂಜೆಯ ಕೊನೆಯ ಹೊತ್ತಿಗೆ ಜನ ಸಾಲಾಗಿ ಬಲಿಪೀಠದ ಮುಂದೆ ಹೋಗಿ ಪಾದ್ರಿಗಳ ಕೈಯಿಂದ ತೆಗೆದುಕೊಳ್ಳುವ ಪವಿತ್ರ ರೊಟ್ಟಿ. ಅತ್ತೆ ಅವರಿಗೆ ಥ್ಯಾಂಕ್ಸ್ ಹೇಳಿದರು. ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿ, "ಪಾಸ್ಕದ ದಿನ ಕ್ಯೂನಲ್ಲಿ ನಿಂತು ನಾನೇ ತಗೋತೀನಿ. ವೀಲ್‌ಚೇರೂ ಬೇಡ, ಯಾರೂ ತಂದುಕೊಡೋದೂ ಬೇಡ," ಎಂದರು. ಆಗ ಅವರಿಗೆ ಮಂಚದಿಂದ ಹಾಲ್‌ವರೆಗೆ ಬರುವುದೇ ದೊಡ್ಡ ಪ್ರಯಾಣವಾಗಿತ್ತು.

ಗೋಡೆ ಇಲ್ಲದ ಕಡೆ ಕರ್ಕೊಂಡ್ಹೋಗಿ ಎಂದದ್ದು ಅದಾದ ನಾಲ್ಕನೇ ದಿನ. ಎಲ್ಲಿಗೆ ಎಂದು ಕೇಳಿದೆವು. "ಲಾಲ್‌ಬಾಗ್. ಅಲ್ಲಿ ಬಿದ್ರೆ ಹುಲ್ಲಿನ ಮೇಲಾದ್ರೂ ಬೀಳ್ತೀನಿ."

ಹೊರಡುವ ಮುಂಚೆ ಇವರ ಹಳೆಯ ಚರ್ಮದ ಬೆಲ್ಟ್ ತರಿಸಿಕೊಂಡರು. ಅದನ್ನು ಸೀರೆಯ ಮೇಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟಲು ನನಗೆ ಹೇಳಿದರು. "ನೀನು ನನ್ನ ಬಲಗಡೆ ನಿಂತ್ಕೋ. ಸೋತಿರೋ ಕಡೇನೇ ಜನ ಬೇಕಾಗಿರೋದು. ಬೀಳೋ ಹಾಗಾದ್ರೆ ಕೈ ಎಳೀಬೇಡ, ಭುಜ ಕಳಚ್ಕೊಳ್ಳತ್ತೆ. ಬೆಲ್ಟ್ ಹಿಡಿ."

"ನಾನು ಹಿಡ್ಕೋತೀನಿ ಬಿಡಮ್ಮ," ಎಂದರು ಇವರು.

"ನೀನು ಆರಡಿ ಇದೀಯ. ನಿನ್ನ ಹಿಡ್ಕೊಂಡ್ರೆ ಬಸ್ಸಲ್ಲಿ ಕಂಬಿ ಹಿಡ್ದು ನೇತಾಡ್ದಂಗಿರತ್ತೆ. ಇವಳು ನನ್ನೆತ್ತರ ಇದಾಳೆ."

ಹೀಗೆ ಆ ಕೆಲಸ ನನಗೆ ಬಂತು.

ಸಿದ್ದಾಪುರದ ಕಡೆಯ ಗೇಟಿನಿಂದ ಒಳಗೆ ಹೋದೆವು. ದಾರಿಯುದ್ದಕ್ಕೂ ಗುಲಾಬಿ ಬಣ್ಣದ ಹೂ ಉದುರಿ ಬಿದ್ದಿತ್ತು, ಅದರ ಮುಂದೆ ಫೋಟೋ ತೆಗೆಸಿಕೊಳ್ಳುವವರ ಸಾಲು. ಅತ್ತೆ ಯಾವುದನ್ನೂ ನೋಡಲಿಲ್ಲ. ಎಡಗೈಯಲ್ಲಿ ನಾಲ್ಕು ಕಾಲಿನ ಊರುಗೋಲು, ಬಲಗೈ ನನ್ನ ಮುಂಗೈ ಮೇಲೆ. ಕೋಲು ಮುಂದೆ, ಆಮೇಲೆ ಬಲಗಾಲು, ಆಮೇಲೆ ಎಡಗಾಲು. ಬಲಗಾಲು ಏಳುತ್ತಿರಲಿಲ್ಲ, ನೆಲ ಸವರಿಕೊಂಡು ಬರುತ್ತಿತ್ತು. ಮಗಳು ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಜೋರಾಗಿ ಎಣಿಸಿದಳು. ನಲವತ್ತೊಂದು ಹೆಜ್ಜೆಗೆ ಅತ್ತೆ ಬೆಂಚಿನ ಮೇಲೆ ಕುಸಿದು ಕೂತರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಚರ್ಚ್ ಬಾಗಿಲಿಂದ ಬಲಿಪೀಠಕ್ಕೆ ಎಷ್ಟು ಹೆಜ್ಜೆ ಆಗತ್ತೆ?" ಎಂದು ಕೇಳಿದರು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮರುವಾರ ಮಗಳು ಅದನ್ನು ಅಳೆದು ಬಂದಳು. ಆಗ ಅವಳಿಗೆ ಹನ್ನೊಂದು ವರ್ಷ. ಪೂಜೆ ಮುಗಿದು ಜನ ಇನ್ನೂ ಹೊರಗೆ ಹೋಗುತ್ತಿರುವಾಗಲೇ ಅಜ್ಜಿಯ ಹಾಗೆ ಕಾಲು ಎಳೆಯುತ್ತಾ, ಅರ್ಧ ಅಡಿಯ ಹೆಜ್ಜೆ ಇಡುತ್ತಾ ಬಾಗಿಲಿನಿಂದ ಬಲಿಪೀಠದವರೆಗೆ ನಡೆದಳು. ಪಾಪ, ಮಗುವಿನ ಕಾಲಿಗೆ ಏನಾಯ್ತು ಎಂದು ಇಬ್ಬರು ಹೆಂಗಸರು ನನ್ನನ್ನು ಕೇಳಿದರು. ಮನೆಗೆ ಬಂದು ಅಜ್ಜಿಯ ಮುಂದೆ ನಿಂತು ವರದಿ ಒಪ್ಪಿಸಿದಳು: "ನೂರ ಎಂಬತ್ತಾರು ಅಜ್ಜಿ. ಬರೀ ಹೋಗಕ್ಕೆ. ವಾಪಸ್ ಬರೋದು ಬೇರೆ."

"ವಾಪಸ್ ಬರೋದು ಆಮೇಲೆ ನೋಡ್ಕೊಳ್ಳೋಣ. ಅದಕ್ಕೆ ದೇವರೂ ಸ್ವಲ್ಪ ಕೈ ಹಾಕ್ಲಿ," ಎಂದರು ಅತ್ತೆ.

ಎರಡನೇ ಭಾನುವಾರ ಮಡಿವಾಳ ಕೆರೆಯ ದಂಡೆಯ ಮೇಲೆ ಅರವತ್ತೆಂಟು ಹೆಜ್ಜೆ. ಮೂರನೆಯದು ಜಯನಗರದಲ್ಲಿ, ನಾನು ಚಿಕ್ಕವಳಾಗಿದ್ದಾಗ ಜಾರುಬಂಡೆ ಆಡುತ್ತಿದ್ದ ಪಾರ್ಕಿನಲ್ಲಿ. ಹೊಂಗೆ ಮರಗಳು ಚಿಗುರಿ ಕಲ್ಲುಬೆಂಚುಗಳ ಮೇಲೆಲ್ಲ ತಂಪು ನೆರಳು ಬಿದ್ದಿತ್ತು. ಅಲ್ಲಿ ನೂರ ಹತ್ತು ಹೆಜ್ಜೆ ಆಯಿತು. ನಡುವೆ ವಾರದ ದಿನಗಳಲ್ಲಿ ವ್ಯಾಯಾಮ. ಬೆಳಿಗ್ಗೆ ನಾನು ಆಫೀಸಿನ ಕೆಲಸಕ್ಕೆ ಲ್ಯಾಪ್‌ಟಾಪ್ ತೆರೆಯುವ ಮುಂಚೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ.

ಅಷ್ಟರಲ್ಲಿ ಯುಗಾದಿ ಬಂತು. ನಮ್ಮಮ್ಮ ಜಯನಗರದಿಂದ ಹೋಳಿಗೆ, ಬೇವು ಬೆಲ್ಲ ಹಿಡಿದು ಬಂದರು. ಪ್ರತಿ ವರ್ಷವೂ ಬರುತ್ತಾರೆ. ಆದರೆ ಅತ್ತೆ ತಪಸ್ಸುಕಾಲ ಪೂರ್ತಿ ಸಿಹಿ ಬಿಟ್ಟಿದ್ದರು. ಅಮ್ಮ ಬಟ್ಟಲು ಮುಂದೆ ಹಿಡಿದಾಗ ಅತ್ತೆ ಎಡಗೈ ಬೆರಳಿನಿಂದ ಬೇವಿನ ಎಸಳುಗಳನ್ನಷ್ಟೇ ಆರಿಸಿ ಬಾಯಿಗೆ ಹಾಕಿಕೊಂಡರು.

"ಬರೀ ಕಹಿ ತಿನ್ಬಾರ್ದು ರೀ. ಎರಡೂ ಸೇರಿಸಿ ತಿನ್ಬೇಕು," ಎಂದರು ಅಮ್ಮ, ಗಾಬರಿಯಿಂದ.

"ಈಗ ಇದು. ನಿಮ್ಮ ಬೆಲ್ಲಾನ ಪಾಸ್ಕ ಆದ್ಮೇಲೆ ಬಡ್ಡಿ ಸಮೇತ ತಿಂತೀನಿ," ಎಂದು ಅತ್ತೆ ಮುಖ ಕಿವುಚಿಕೊಂಡು ಅಗಿದರು. ಅಮ್ಮ ನಕ್ಕುಬಿಟ್ಟರು. ಹೋಗುವಾಗ ನನ್ನನ್ನು ಬಾಗಿಲ ಹೊರಗೆ ಕರೆದು, "ಅವ್ರನ್ನ ನಡೆಸ್ತಾ ಇರು. ನಿಲ್ಲಿಸ್ಬೇಡ," ಎಂದರು. ಹದಿಮೂರು ವರ್ಷದಲ್ಲಿ ಈ ಇಬ್ಬರು ಹೆಂಗಸರು ಒಬ್ಬರ ಹಬ್ಬದ ಬಗ್ಗೆ ಒಬ್ಬರು ಮಾತಾಡಿದ್ದು ಕಡಿಮೆ. ಆ ಒಂದು ಮಾತು ನನಗೆ ಮುಂದೆ ಬಹಳ ಕೆಲಸಕ್ಕೆ ಬಂತು.

ನಾಲ್ಕನೇ ಭಾನುವಾರ ಮನೆಯ ಹತ್ತಿರದ ಪಾರ್ಕಿಗೇ ಹೋದೆವು. ಗೊತ್ತಿರುವ ಜನ ಇರುತ್ತಾರೆ ಎಂದು ಅತ್ತೆ ಆವತ್ತು ಬೆಲ್ಟ್ ಕಟ್ಟಿಸಿಕೊಳ್ಳಲಿಲ್ಲ. "ಹಗ್ಗ ಹಾಕಿ ಹಸು ಕರ್ಕೊಂಡ್ಹೋದಂಗಿರತ್ತೆ, ಇವತ್ತೊಂದಿನ ಬೇಡ," ಎಂದರು. ನಾನು ಒತ್ತಾಯ ಮಾಡಬೇಕಿತ್ತು, ಮಾಡಲಿಲ್ಲ. ನೂರ ಇಪ್ಪತ್ತು ಹೆಜ್ಜೆ ದಾಟಿದ್ದೆವು. ಹಿಂದಿನಿಂದ ಯಾರೋ, "ಸಿಸ್ಟರ್! ಚೆನ್ನಾಗಿದೀರಾ ಸಿಸ್ಟರ್?" ಎಂದು ಕೂಗಿದರು. ಎಂದೋ ಅವರ ಆರೈಕೆಯಲ್ಲಿದ್ದ ರೋಗಿ. ಆ ಕರೆಗೆ ಮೂವತ್ತು ವರ್ಷ ತಿರುಗಿದ ಅಭ್ಯಾಸದಲ್ಲಿ ಅತ್ತೆ ಥಟ್ಟನೆ ತಿರುಗಿದರು. ಮೈ ತಿರುಗಿತು, ಬಲಗಾಲು ತಿರುಗಲಿಲ್ಲ. ಹಿಡಿಯಲು ನನ್ನ ಕೈಗೆ ಏನೂ ಸಿಗಲಿಲ್ಲ.

ಮೂಳೆ ಮುರಿದಿರಲಿಲ್ಲ. ಮೊಣಕೈ ತರಚಿತ್ತು, ಸೊಂಟದ ಪಕ್ಕ ಅಂಗೈಯಷ್ಟಗಲ ಕಪ್ಪುಗಟ್ಟಿತ್ತು. ಎಕ್ಸ್‌ರೇ ತೆಗೆಸಿಕೊಂಡು ಮನೆಗೆ ಬಂದಮೇಲೆ ಇವರು ಹೇಳಿದರು: "ಸಾಕು. ಇನ್ನು ಯಾವ ಪಾರ್ಕೂ ಬೇಡ. ಪ್ರಸಾದ ಮನೆಗೇ ಬರತ್ತೆ."

ಅತ್ತೆ ಎದುರಾಡಲಿಲ್ಲ. ಅದೇ ನನಗೆ ಭಯವಾಗಿದ್ದು. ಸೋಮವಾರ ವ್ಯಾಯಾಮಕ್ಕೆ ಕರೆದರೆ, "ಇವತ್ತು ಬೇಡ," ಎಂದರು. ಮಂಗಳವಾರವೂ ಬೇಡ. ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಅವರು ಹೀಗೆ ಮಲಗಿದ್ದನ್ನು ಆಸ್ಪತ್ರೆಯಲ್ಲೂ ನಾನು ನೋಡಿರಲಿಲ್ಲ.

ಬುಧವಾರ ನಾನು ಆಫೀಸಿಗೆ ರಜೆ ಹಾಕಿದೆ. ಇವರು ಕೆಲಸಕ್ಕೆ ಹೋದರು, ಮಗಳು ಶಾಲೆಗೆ. ನಾನು ಬೆಲ್ಟ್ ತೆಗೆದುಕೊಂಡು ಅತ್ತೆಯ ಮಂಚದ ಪಕ್ಕ ನಿಂತೆ.

"ಏಳಿ ಅತ್ತೆ. ಆಟೋ ಬುಕ್ ಮಾಡಿದೀನಿ."

"ಎಲ್ಲಿಗೆ?"

"ಗೋಡೆ ಇಲ್ಲದ ಕಡೆ."

"ಅವನು ಬೈತಾನೆ."

"ಬೈಸ್ಕೊಳ್ಳೋದು ನಾನು. ನಿಮ್ಮ ವಾರ್ಡಲ್ಲಿ ಬಿದ್ದವ್ರನ್ನ ನೀವು ಹಾಗೇ ಬಿಡ್ತಿದ್ರಾ?"

ಅತ್ತೆ ಗೋಡೆಯ ಕಡೆಯಿಂದ ಈ ಕಡೆ ತಿರುಗಿದರು. ಆಮೇಲೆ ಎಡಗೈ ಚಾಚಿದರು. "ಬಿಗಿಯಾಗಿ ಕಟ್ಟು," ಎಂದರು.

ಆ ದಿನ ಹೆಜ್ಜೆ ಎಣಿಸಲಿಲ್ಲ. ತಿರುಗುವುದನ್ನು ಮಾತ್ರ ಕಲಿತೆವು. ಅತ್ತೆಯೇ ಹೇಳಿಕೊಟ್ಟರು: ಒಂದೇ ಸಲ ತಿರುಗಬಾರದು, ಗಡಿಯಾರದ ಮುಳ್ಳಿನ ಹಾಗೆ ಚೂರುಚೂರೇ ಪಾದ ಸರಿಸಬೇಕು, ಹನ್ನೆರಡರಿಂದ ಆರಕ್ಕೆ ಬರುವಷ್ಟರಲ್ಲಿ ಹತ್ತು ಸಲವಾದರೂ ಆಗಬೇಕು. ಪಾರ್ಕಿನ ಒಂದು ಮರದ ಕೆಳಗೆ ನಿಂತಲ್ಲೇ ತಿರುಗಿದೆವು, ಮತ್ತೆ ತಿರುಗಿದೆವು. ವಾಕಿಂಗ್ ಬಂದವರು ನಮ್ಮನ್ನು ಸುತ್ತಿ ಹಾದುಹೋದರು. ಬೆಲ್ಟ್ ನನ್ನ ಮುಷ್ಟಿಯಲ್ಲಿತ್ತು. ಎರಡು ಸಲ ಅವರು ವಾಲಿದರು, ಎರಡು ಸಲವೂ ಹಿಡಿದೆ.

ಸಂಜೆ ಇವರಿಗೆ ನಾನೇ ಹೇಳಿದೆ. ಇವರ ಮುಖ ಕೆಂಪಗಾಯಿತು. "ಮತ್ತೆ ಬಿದ್ದಿದ್ರೆ?"

"ಬಿದ್ದಿದ್ರೆ ಎತ್ತುತಿದ್ದೆ. ಮಲಗಿಬಿಟ್ರೆ ಎತ್ತಕ್ಕಾಗಲ್ಲ ರೀ. ಮೂರು ದಿನದಿಂದ ನೋಡ್ತಿದೀರಲ್ಲ."

ಇವರು ಬಾಲ್ಕನಿಗೆ ಹೋಗಿ ನಿಂತರು. ನಾನೂ ಹೋದೆ. "ಆವತ್ತು ಅಡುಗೆಮನೆಯಲ್ಲಿ ನೋಡಿದ್ದು ಕಣ್ಣಿಂದ ಹೋಗ್ತಾ ಇಲ್ಲ," ಎಂದರು. ಡಿಸೆಂಬರ್‌ನ ಆ ಬೆಳಗಿನ ಬಗ್ಗೆ ಇವರು ಮಾತಾಡಿದ್ದು ಅದೇ ಮೊದಲು. ನಾನು ಕೈ ಹಿಡಿದುಕೊಂಡೆ. ಮಾರನೇ ದಿನ ಆಫೀಸಿನಿಂದ ಬರುವಾಗ ಇವರ ಕೈಯಲ್ಲೊಂದು ಡಬ್ಬವಿತ್ತು. ಹಿಮ್ಮಡಿ ಹಿಡಿದುಕೊಳ್ಳುವ, ಪಟ್ಟಿ ಇರುವ, ಅಡಿ ಜಾರದ ಶೂ. ಮೊಣಕಾಲೂರಿ ಕೂತು ತಾಯಿಯ ಬಲಗಾಲಿಗೆ ತಾವೇ ತೊಡಿಸಿದರು.

"ಬಿದ್ದಿದ್ದು ಚಪ್ಪಲಿ ಸರಿಯಿಲ್ದೆ," ಎಂದರು ಇವರು, ಮುಖ ಮೇಲೆತ್ತದೆ.

"ಹೂಂ, ಚಪ್ಪಲೀದೇ ತಪ್ಪು," ಎಂದು ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟರು.

ಐದನೇ ಭಾನುವಾರ ಮತ್ತೆ ಲಾಲ್‌ಬಾಗ್. ನೂರ ಐವತ್ತು. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಚರ್ಚಿಗೆ ಬರುತ್ತೀರಾ ಎಂದು ಕೇಳಿದರೆ, "ಅರ್ಧಂಬರ್ಧ ತಯಾರಿಯಲ್ಲಿ ಹೋಗಲ್ಲ," ಎಂದರು. ಮಗಳು ತಂದುಕೊಟ್ಟ ತೆಂಗಿನ ಗರಿಯನ್ನು ಎಡಗೈಯಲ್ಲೇ ಮಡಿಸಿ ಶಿಲುಬೆ ಮಾಡಲು ಕೂತರು. ಒಂದು ಗಂಟೆ ಹಿಡಿಯಿತು. ಸಂಜೆ ಪಾರ್ಕಿನಲ್ಲಿ, ಒಮ್ಮೆಯೂ ಕೂರದೆ, ನೂರ ತೊಂಬತ್ತು ಹೆಜ್ಜೆ ನಡೆದರು. ಮಗಳು ನೂರ ಎಂಬತ್ತಾರಕ್ಕೆ "ಸಾಕು ಅಜ್ಜಿ, ಆಯ್ತು!" ಎಂದು ಕಿರುಚಿದಳು. ಅಜ್ಜಿ ಇನ್ನೂ ನಾಲ್ಕು ಹೆಜ್ಜೆ ಇಟ್ಟೇ ನಿಂತರು.

ಶುಭ ಶುಕ್ರವಾರ ಗಂಜಿ ಕುಡಿದೆವು. ಶನಿವಾರ ಬೆಳಿಗ್ಗೆ ಈಸ್ಟರ್ ಮೊಟ್ಟೆಗಳ ಕೆಲಸ. ನಮ್ಮ ಮನೆಯಲ್ಲಿ ಅದನ್ನು ಅಂಗಡಿಯಿಂದ ತರುವುದಿಲ್ಲ. ಗೋಡಂಬಿ ಅರೆದು, ಸಕ್ಕರೆ, ಮೊಟ್ಟೆಯ ಬಿಳಿ, ಪನ್ನೀರು ಸೇರಿಸಿ ಸಣ್ಣ ಉರಿಯಲ್ಲಿ ತಿರುವಿ, ಅಚ್ಚಿಗೆ ಒತ್ತಿ ಮೊಟ್ಟೆಯಾಕಾರ ಮಾಡುವುದು. ಅಷ್ಟು ವರ್ಷವೂ ಅದು ಅತ್ತೆಯೊಬ್ಬರದೇ ಕೆಲಸ. ನಾನು ಮೊಟ್ಟೆ ತಿನ್ನುವವಳಲ್ಲ. ಮುಟ್ಟಿ ಒಡೆದದ್ದೂ ಇರಲಿಲ್ಲ. ಈಗ ಅತ್ತೆ ಕುರ್ಚಿಯ ಮೇಲೆ ಕೂತರು, ನಾನು ಒಲೆಯ ಮುಂದೆ ನಿಂತೆ.

"ಪಾತ್ರೆ ಅಂಚಿಗೆ ಒಂದೇಟು. ಹೆದರ್ಕೋಬೇಡ."

ಮೊದಲನೆಯದು ಪೂರ್ತಿ ನನ್ನ ಮುಂಗೈ ಮೇಲೆ ಇಳಿಯಿತು. ಎರಡನೆಯದರಲ್ಲಿ ಬಿಳಿಗೆ ಹಳದಿ ಸೇರಿತು. ಮೂರನೆಯದು ಸರಿಯಾಗಿ ಒಡೆಯಿತು. ಮಗಳು ಚಪ್ಪಾಳೆ ತಟ್ಟಿದಳು. ತಿರುವಿ ತಿರುವಿ ನನ್ನ ತೋಳು ಬಿದ್ದುಹೋಗುವ ಹಾಗಾಯಿತು. "ಅತ್ತೆ, ಸಾಕಾ?" ಎಂದರೆ, "ಪಾತ್ರೆ ಬಿಟ್ಟಿಲ್ಲ, ತಿರುವು," ಎನ್ನುವರು. ಅಂತೂ ಮೂವತ್ತು ಮೊಟ್ಟೆಗಳಾದವು. ಅವುಗಳ ಮೇಲೆ ಬಿಳಿ ಸಕ್ಕರೆಯ ಪಾಕದಲ್ಲಿ ಹೂ ಬರೆಯುವ ಕೆಲಸವನ್ನು ಮಾತ್ರ ಅತ್ತೆ ಬಿಟ್ಟುಕೊಡಲಿಲ್ಲ. ಎಡಗೈಯಲ್ಲಿ ಬರೆದರು. ಹೂಗಳು ಹುಳುಗಳ ಹಾಗಿದ್ದವು. ಅತ್ತೆ ಕನ್ನಡಕ ಏರಿಸಿ ನೋಡಿ, "ತಿನ್ನೋರಿಗೆ ಏನಂತೆ," ಎಂದು ಮುಂದಿನದಕ್ಕೆ ಕೈ ಹಾಕಿದರು.

ಈಸ್ಟರ್ ಬೆಳಿಗ್ಗೆ ಅತ್ತೆ ಹೊಸ ಕೆನೆಬಣ್ಣದ ಸೀರೆ ಉಟ್ಟು, ಅದರ ಮೇಲೆ ತಾವಾಗಿಯೇ ಬೆಲ್ಟ್ ಕಟ್ಟಿಸಿಕೊಂಡರು. ಮೇಲೆ ಶಾಲು ಹೊದಿಸಲು ಹೋದೆ. "ಮುಚ್ಚಬೇಡ, ನಿನಗೆ ಬೇಕಾದಾಗ ಸಿಗಲ್ಲ," ಎಂದರು.

ಚರ್ಚು ಕಿಕ್ಕಿರಿದಿತ್ತು. ಬಾಗಿಲ ಹತ್ತಿರದ ಬೆಂಚಿನಲ್ಲಿ ನಮಗೆ ಜಾಗ ಬಿಟ್ಟುಕೊಟ್ಟರು. ಪರಮಪ್ರಸಾದದ ಹೊತ್ತಿಗೆ ಅತ್ತೆ ನನ್ನ ಮುಂಗೈ ಹಿಡಿದು ಎದ್ದರು. ಅದು ದೀಕ್ಷಾಸ್ನಾನ ಪಡೆದವರಿಗೆ ಮಾತ್ರ, ನಾನು ಎಂದೂ ಆ ಸಾಲಿನಲ್ಲಿ ಹೋದವಳಲ್ಲ. ಇವರು ಎದ್ದು, "ನಾನು ಬರ್ಲಾ?" ಎಂದು ಪಿಸುಗುಟ್ಟಿದರು. ಅತ್ತೆ ತಲೆಯಲ್ಲಾಡಿಸಿದರು. ನಾನು ಚಪ್ಪಲಿ ಬಿಟ್ಟು, ಬೆಲ್ಟ್ ಹಿಡಿದು ಹೊರಟೆ.

ನಾಲ್ಕು ಹೆಜ್ಜೆ ಇಟ್ಟೆವು, ಸಾಲು ನಿಂತಿತು. ಎರಡು ಹೆಜ್ಜೆ, ಮತ್ತೆ ನಿಂತಿತು. ಆಗ ನನಗೆ ಹೊಳೆಯಿತು: ಆರು ವಾರ ನಾವು ನಡೆಯುವುದನ್ನು ಕಲಿತಿದ್ದೆವು, ನಿಲ್ಲುವುದನ್ನು ಕಲಿತಿರಲಿಲ್ಲ. ಅತ್ತೆಗೆ ನಡೆಯುವುದಕ್ಕಿಂತ ನಿಂತಿರುವುದೇ ಕಷ್ಟ. ಅರ್ಧ ದಾರಿಯಲ್ಲಿ ಬಲಗಾಲು ನಡುಗತೊಡಗಿತು. ಸೀರೆಯ ನೆರಿಗೆ ಅಲುಗುವುದು ನನಗೆ ಕಾಣುತ್ತಿತ್ತು. ಮುಂದಿದ್ದವರೊಬ್ಬರು ತಿರುಗಿ ನೋಡಿ, "ಆಂಟಿ, ನೀವು ಮುಂದೆ ಹೋಗಿ," ಎಂದು ದಾರಿ ಬಿಟ್ಟರು.

"ಬೇಡಪ್ಪ. ನನ್ನ ಸರದಿ ಬರತ್ತೆ," ಎಂದರು ಅತ್ತೆ. ಆಮೇಲೆ ನನ್ನ ಕಿವಿಯ ಹತ್ತಿರ, "ಏನಾದ್ರೂ ಮಾತಾಡು," ಎಂದರು.

"ಏನು ಮಾತಾಡ್ಲಿ ಅತ್ತೆ?"

"ಏನಾದ್ರೂ. ಮಟನ್‌ಗೆ ಮೊಸರು ಹಾಕಿಟ್ಟು ಬಂದ್ನಾ ಅವನು?"

"ಹಾಕಿದಾರೆ. ಉಪ್ಪು ಜಾಸ್ತಿ ಹಾಕಿದಾರೆ ಅನ್ಸತ್ತೆ."

"ಹಾಕೇ ಇರ್ತಾನೆ. ಆಲೂಗಡ್ಡೆ ಸೇರ್ಸಿದ್ರೆ ಸರಿಹೋಗತ್ತೆ. ಎಡಗಾಲಿಗೆ ಭಾರ ಬಿಟ್ಟಿದೀನಿ, ಬೆಲ್ಟ್ ಸ್ವಲ್ಪ ಮೇಲಕ್ಕೆ ಎತ್ಕೋ."

ಎತ್ತಿಕೊಂಡೆ. ಹೀಗೆ ಬಿರಿಯಾನಿಯ ಮಾತಾಡುತ್ತಾ ಬಲಿಪೀಠದ ಮುಂದೆ ಬಂದೆವು. ಅತ್ತೆ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಎಡಗೈ ಚಾಚಿ ಪರಮಪ್ರಸಾದ ತೆಗೆದುಕೊಂಡರು. ಪಾದ್ರಿಗಳು ನನ್ನ ಕಡೆ ನೋಡಿದರು. ನಾನು ಸುಮ್ಮನೆ ತಲೆ ಬಾಗಿಸಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಆಮೇಲೆ ತಿರುಗುವುದು. ನಮ್ಮ ಹಿಂದೆ ನೂರಾರು ಜನ ಕಾಯುತ್ತಿದ್ದರು. ಅತ್ತೆ ಯಾರಿಗಾಗಿಯೂ ಅವಸರ ಪಡಲಿಲ್ಲ. ಚೂರು ಚೂರೇ ಪಾದ ಸರಿಸುತ್ತಾ ಸುತ್ತು ಬಂದು, ಜನರ ಕಡೆ ಮುಖ ಮಾಡಿ ನಿಂತು, ಒಮ್ಮೆ ಉಸಿರೆಳೆದುಕೊಂಡರು. ಬೆಂಚಿನ ಹತ್ತಿರ ಇವರು ನಿಂತಿದ್ದರು. ಆರಡಿ ಎತ್ತರದ ಮನುಷ್ಯ, ಮುಖ ಒರೆಸಿಕೊಳ್ಳಲೂ ತೋಚದೆ ಅಳುತ್ತಿದ್ದರು.

ಇದಾಗಿ ಒಂದು ವರ್ಷ ದಾಟಿದೆ. ಬಲಗೈ ಬರಲೇ ಇಲ್ಲ. ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎಡಗೈಯಲ್ಲಿ ಬರೆಯುವುದು, ತರಕಾರಿ ಬಿಡಿಸುವುದು, ಮೊಮ್ಮಗಳಿಗೆ ಜಡೆಯ ಬದಲು ಜುಟ್ಟು ಕಟ್ಟುವುದು ಎಲ್ಲವನ್ನೂ ಕಲಿತಿದ್ದಾರೆ. ಊರುಗೋಲು ಬಿಟ್ಟು ನಡೆಯಲಾರರು, ಅದರ ಬಗ್ಗೆ ಈಗ ಬೇಸರವೂ ಇಲ್ಲ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಹೋದ ತಿಂಗಳು ಅವರಿಗೆ ಮಂಡಿಯ ಆಪರೇಷನ್ ಆಯಿತು. ನೋವೆಂದು ಮಂಚ ಬಿಟ್ಟು ಇಳಿಯುವುದಿಲ್ಲವಂತೆ. ಅವರ ಹೆಂಡತಿ ಕೆಳಗೆ ಲಿಫ್ಟಿನ ಹತ್ತಿರ ಸಿಕ್ಕಾಗ ಅತ್ತೆಯ ಬಳಿ ಹೇಳಿಕೊಂಡರು. ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅತ್ತೆ ಶೂ ಹಾಕಿಸಿಕೊಂಡು ಕೆಳಗೆ ಹೋದರು. ನಾನು ಜೊತೆಗಿದ್ದೆ. ಮೇಷ್ಟರ ಕೋಣೆಯ ಒಳಗೆ ಹೋಗಿ, ಊರುಗೋಲಿನಿಂದ ಮಂಚದ ಕಾಲಿಗೆ ಎರಡು ಸಲ ತಟ್ಟಿ, ಅತ್ತೆ ಹೇಳಿದರು:

"ಸಾರ್, ಏಳಿ. ಹತ್ತು ಹೆಜ್ಜೆ ಸಾಕು ಇವತ್ತಿಗೆ."